ತಾವೇ ಬರೆದ ಸಂಪಾದಕೀಯ ಅಡ್ಡ ನಿಂತಾಗ

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರೊಬ್ಬರ ಕತೆಯಿದು. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿ, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಅವರು ಬಹುಕಾಲ ದಿನಪತ್ರಿಕೆಯೊಂದರ ಸಂಪಾದಕರಾಗಿದ್ದು, ನಡುವಯಸ್ಸು ದಾಟಿದ ಮೇಲೆ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾದವರು. ಸಾರ್ವಜನಿಕ ಜೀವನದಲ್ಲಿದ್ದು ತೀರಿಕೊಂಡ ಹಿರಿಯರೊಬ್ಬರ ಜೀವನಚರಿತ್ರೆ ಬರೆಯುತ್ತಿದ್ದರು. ನನ್ನ ಬಳಿ ಬಂದದ್ದು ನಿದ್ದೆ ಬರುವುದಿಲ್ಲ ಎಂದು. ರಾತ್ರಿ ಒಂದೂವರೆಗೆ ಸರಿಯಾಗಿ ಎಚ್ಚರ. ಹಿಂದೆ ಕೊನೆಯ ಪುಟ ಅಚ್ಚಿಗೆ ಹೋಗುತ್ತಿದ್ದ ಹೊತ್ತದು. ಎದ್ದವರು ಐದನೆಯ ಅಧ್ಯಾಯದ ಕರಡು ತೆಗೆದು ಮೊದಲ ಪ್ಯಾರಾವನ್ನೇ ತಿದ್ದುತ್ತ ಕೂರುತ್ತಿದ್ದರು. ಎರಡನೆಯ ಪ್ಯಾರಾ ಹುಟ್ಟುತ್ತಲೇ ಇರಲಿಲ್ಲ.

ವೈದ್ಯರ ತಪಾಸಣೆ ಮೊದಲು ಮಾಡಿಸಿದೆ. ದೇಹದಲ್ಲಿ ತೊಂದರೆಯೇನೂ ಇರಲಿಲ್ಲ, ತೀವ್ರ ಖಿನ್ನತೆಯ ಲಕ್ಷಣಗಳೂ ಕಾಣಲಿಲ್ಲ.

ಆರಂಭದಲ್ಲಿ ಅವರ ಮಾತೆಲ್ಲ ಸಹೋದ್ಯೋಗಿಗಳ ಬಗ್ಗೆಯೇ. "ನನ್ನದು ಪತ್ರಿಕೆ ಬರಹ ಅಂತಾರೆ ಮೇಡಂ. ಪಿಎಚ್‌ಡಿ ಇಲ್ಲ ಅಂತ ಬಾಯಿಬಿಟ್ಟು ಹೇಳಲ್ಲ, ಅಷ್ಟೇ." ಅಲನ್ ನೆವಿನ್ಸ್ ಬಗ್ಗೆ ಅವರೇ ತರಗತಿಯಲ್ಲಿ ಪಾಠ ಮಾಡುತ್ತಾರೆ. ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ದುಡಿದು, ಪಿಎಚ್‌ಡಿ ಇಲ್ಲದೆಯೇ ಕೊಲಂಬಿಯಾ ವಿಶ್ವವಿದ್ಯಾಲಯದ ಇತಿಹಾಸ ಪ್ರಾಧ್ಯಾಪಕರಾದವರು ನೆವಿನ್ಸ್. ಅಮೆರಿಕದ ಅಧ್ಯಕ್ಷರಾಗಿದ್ದ ಗ್ರೋವರ್ ಕ್ಲೀವ್‌ಲ್ಯಾಂಡರ ಜೀವನಚರಿತ್ರೆಗೆ 1933ರಲ್ಲಿ ಅಲ್ಲಿನ ಹೆಸರಾಂತ ಪುಲಿಟ್ಜರ್ ಪ್ರಶಸ್ತಿ ಪಡೆದರು, 1948ರಲ್ಲಿ ಕೊಲಂಬಿಯಾದಲ್ಲಿ ಮೌಖಿಕ ಇತಿಹಾಸದ, ಅಂದರೆ ಜನರ ನೆನಪುಗಳನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ, ಸಂಗ್ರಹ ಕಾರ್ಯಕ್ಕೆ ನಾಂದಿ ಹಾಡಿದರು. ಇಷ್ಟೆಲ್ಲ ಬಲ್ಲವರಿಗೆ ನಾನು ಧೈರ್ಯ ಹೇಳಿ ಪ್ರಯೋಜನವಿರಲಿಲ್ಲ. ಗಂಟು ಬೇರೆಲ್ಲೋ ಇದೆ ಅನ್ನಿಸಿತು.

"ಐದನೆಯ ಅಧ್ಯಾಯದಲ್ಲಿ ಏನು ಬರಬೇಕು ಸರ್?" ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಬ್ಯಾಗಿನಿಂದ ಎರಡು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಒಂದು, ಆ ಹಿರಿಯರು ತೀರಿಕೊಂಡಾಗ ಇವರೇ ಬರೆದಿದ್ದ ಸಂಪಾದಕೀಯ. ಅದರಲ್ಲಿ 'ಕೈ ಶುದ್ಧವಿದ್ದವರು' ಎಂಬ ಮಾತಿನ ಕೆಳಗೆ ಪೆನ್ಸಿಲ್ ಗೆರೆ. ಇನ್ನೊಂದು, ಪತ್ರಾಗಾರದಲ್ಲಿ ಸಿಕ್ಕ ಕಾಗದದ ನಕಲು. ತಮ್ಮ ಕೈಕೆಳಗಿನ ಒಬ್ಬ ಗುಮಾಸ್ತನ ಮೇಲೆ ತಪ್ಪು ಹೊರಿಸಿ ಪಾರಾದುದನ್ನು ಅದರಲ್ಲಿ ಆ ಹಿರಿಯರೇ ಬರೆದುಕೊಂಡಿದ್ದರು. "ಆ ಗುಮಾಸ್ತ ಆಗ ನಮ್ಮ ಕಚೇರಿಗೆ ಬಂದಿದ್ದ ಮೇಡಂ. ನಾನು ಮಾತಾಡಿಸಲಿಲ್ಲ. ಪುಟ ಮುಗಿಸೋ ಹೊತ್ತು."

ಅವರಿಗೆ ಬೇಕಾಗಿದ್ದದ್ದು ಈ ಮಾತನ್ನು ಯಾರೆದುರಾದರೂ ಹೇಳುವುದು. ಅಂದು ನಾನು ಬೇರೆ ಸಲಹೆ ಕೊಡಲಿಲ್ಲ. ಇಂಥ ಹೊತ್ತಿನಲ್ಲಿ "ಹೋಗಲಿ ಬಿಡಿ, ನಿಮ್ಮ ತಪ್ಪಲ್ಲ" ಎನ್ನುವುದು ಸಾಂತ್ವನವಲ್ಲ, ಬಾಯಿ ಮುಚ್ಚಿಸುವುದು ಎಂದೇ ನನ್ನ ನಂಬಿಕೆ.

ಮುಂದಿನ ಭೇಟಿಯಲ್ಲಿ ಕೆಲಸಕ್ಕೆ ಕೈಹಾಕಿದೆವು. ಪತ್ರಕರ್ತನಾಗಿ ಮಾಹಿತಿ ಕೊಟ್ಟವರ ಹೆಸರು ಕಾಯುವುದು ಅವರ ಧರ್ಮವಾಗಿತ್ತು. ಈಗ ಪ್ರತಿ ಮಾತಿಗೂ ಆಕರ ತೋರಿಸಲೇಬೇಕು. ಹಾಗಾದರೆ ಆ ಸಂಪಾದಕೀಯವೂ ಒಂದು ಆಕರವೇ. ಅದನ್ನು ಮರೆಮಾಡದೆ, ಬರೆದವರು ತಾವೇ ಎಂದು ಅಧ್ಯಾಯದೊಳಗೇ ಹೇಳಿ, ಅಂದು ಗೊತ್ತಿದ್ದದ್ದೆಷ್ಟು, ಕೇಳದೆ ಬಿಟ್ಟದ್ದೇನು ಎಂದು ಬೇರೆಯವರ ದಾಖಲೆಯನ್ನು ಪರಿಶೀಲಿಸಿದಂತೆಯೇ ಪರಿಶೀಲಿಸಿ ಎಂದೆ. ಕ್ಷಮೆಯ ಪುಟಗಳು ಬೇಡ, ಪುಸ್ತಕ ಬರೆಯುವವರ ಕುರಿತದ್ದಲ್ಲ. ಗುಮಾಸ್ತನ ಮನೆಯವರನ್ನು ಹುಡುಕಿ ಅವರ ಮಾತನ್ನೂ ದಾಖಲಿಸಿಕೊಳ್ಳಿ, ಅವರು ಬೇಡವೆಂದರೆ ಒತ್ತಾಯಿಸಬೇಡಿ ಎಂದೂ ಹೇಳಿದೆ.

ಬರೆದದ್ದನ್ನು ಒಪ್ಪಿಸಲು ಒಂದು ಗಡುವು, ಒಬ್ಬ ಓದುಗ ಬೇಕಿತ್ತು. ಗಡುವಿಲ್ಲದೆ ಬರೆದು ಅವರಿಗೆ ಅಭ್ಯಾಸವೇ ಇರಲಿಲ್ಲ. ಹೀಗಾಗಿ ಪ್ರತಿ ಶುಕ್ರವಾರ ಸಂಜೆ, ಆದಷ್ಟು ಪುಟಗಳನ್ನು, ಹೇಗಿದ್ದರೆ ಹಾಗೆ ವಿಭಾಗದ ಒಬ್ಬ ಸಹೋದ್ಯೋಗಿಗೆ ಕೊಡುವುದೆಂದು ಗೊತ್ತುಮಾಡಿದೆವು. ತಮ್ಮ ಬರಹವನ್ನು ಹಗುರವಾಗಿ ಕಾಣುತ್ತಾರೆ ಎಂದು ಅವರು ಅಂದುಕೊಂಡಿದ್ದವರನ್ನೇ ಆರಿಸಿಕೊಂಡದ್ದು ಅವರ ಧೈರ್ಯ.

ನಿದ್ದೆಯ ವಿಷಯಕ್ಕೆ ಅವರು ಡಗ್ಲಸ್ ಸೌತಾಲ್ ಫ್ರೀಮನ್‌ರ ಉದಾಹರಣೆ ತಂದರು. ಪತ್ರಿಕೆಯ ಸಂಪಾದಕರಾಗಿದ್ದುಕೊಂಡೇ ಅಮೆರಿಕದ ಅಂತರ್ಯುದ್ಧದ ಸೇನಾನಿ ಜನರಲ್ ಲೀ ಅವರ ಜೀವನಚರಿತ್ರೆ ಬರೆದು 1935ರಲ್ಲಿ ಪುಲಿಟ್ಜರ್ ಪಡೆದ ಫ್ರೀಮನ್ ನಸುಕಿನ ಎರಡೂವರೆಗೇ ಏಳುತ್ತಿದ್ದರಂತಲ್ಲ ಎಂದು. ಏಳುತ್ತಿದ್ದರು ನಿಜ, ಆದರೆ ಅವರು ಬೇಗ ಮಲಗುತ್ತಿದ್ದರು, ದಿನವಿಡೀ ಗಂಟೆಗಂಟೆಯ ಶಿಸ್ತಿತ್ತು ಎಂದು ನೆನಪಿಸಿದೆ. ರಾತ್ರಿ ಕರಡು ಮುಟ್ಟಬಾರದು. ಎಚ್ಚರವಾಗಿ ನಿದ್ದೆ ಹತ್ತದಿದ್ದರೆ ಹಾಸಿಗೆ ಬಿಟ್ಟು ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದ ಮೇಲಷ್ಟೇ ಮಲಗಬೇಕು. ಏಳುವ ಸಮಯ ಮಾತ್ರ ದಿನವೂ ಒಂದೇ ಇರಬೇಕು. ಇವಿಷ್ಟು ನಿಯಮ.

ಐದನೆಯ ಅಧ್ಯಾಯ ಮುಗಿದಿದೆ. ಒಂದೂವರೆಗೆ ಎಚ್ಚರವಾಗುವುದು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಆ ಹಿರಿಯರ ಮಕ್ಕಳಿಗೆ ಅಧ್ಯಾಯದ ವಿಷಯ ಪುಸ್ತಕ ಬರುವ ಮೊದಲೇ ತಿಳಿಸಬೇಕೆಂದು ಅವರೇ ತೀರ್ಮಾನಿಸಿದ್ದಾರೆ. ಆ ಮಾತನ್ನು ಹೇಗೆ ತೆಗೆಯಬೇಕು, ಅವರು ಸಿಟ್ಟಾದರೆ ಹೇಗೆ ಕೇಳಿಸಿಕೊಳ್ಳಬೇಕು ಎಂಬುದರ ಮೇಲೆ ಈಗ ಇಬ್ಬರೂ ಕೆಲಸ ಮಾಡುತ್ತಿದ್ದೇವೆ.