ವಾದ್ಯ ವಿಚಾರ: ಕರುಳಿನ ತಂತಿಯ ತಕರಾರು

ಪ್ರಶ್ನೆ: ಲ್ಯೂಟ್‌ಗೆ (ಯೂರೋಪಿನ ಹಳೆಯ ಮೀಟುವಾದ್ಯ) ಕರುಳಿನ ತಂತಿ ಕಟ್ಟಿ ಮನೆಯಲ್ಲೇ ರೆಕಾರ್ಡ್ ಮಾಡುತ್ತಿದ್ದೇನೆ. ಬಿಡಿತಂತಿಗಳು ಟ್ಯೂನರ್‌ನಲ್ಲಿ ಸರಿಯಿರುತ್ತವೆ. ಮೇಲಿನ ಮೆಟ್ಟಿಲುಗಳಲ್ಲಿ (ಫ್ರೆಟ್) ಮಾತ್ರ ಜೋಡಿತಂತಿ (ಒಂದೇ ಸ್ವರಕ್ಕೆ ಕೂಡಿಸಿ ಒಟ್ಟಿಗೆ ಮೀಟುವ ಎರಡು ತಂತಿ) ಅಲೆಅಲೆಯಾಗಿ ಕೇಳುತ್ತದೆ. ಮಳೆಗಾಲದ ತೇವವೇ ಕಾರಣವೆ?
—ಓದುಗರು, ತೀರ್ಥಹಳ್ಳಿ

ಉತ್ತರ: ಮಳೆಯನ್ನು ಆಮೇಲೆ ಬೈಯೋಣ. ತೇವಕ್ಕೆ ಶ್ರುತಿ ಕದಲಿದರೆ ಬಿಡಿತಂತಿಯಲ್ಲೇ ಗೊತ್ತಾಗುತ್ತದೆ. ಮೇಲೆ ಮಾತ್ರ ಕೆಡುತ್ತಿದೆ ಎಂದರೆ ಮೊದಲು ಅನುಮಾನಿಸಬೇಕಾದ್ದು ತಂತಿಯ ದಪ್ಪವನ್ನು. ಅದು ಉದ್ದಕ್ಕೂ ಒಂದೇ ಸಮ ಇಲ್ಲ. ಬಿರಡೆ ಕಡೆಯ ಅರ್ಧ 0.50 ಮಿ.ಮೀ., ಕುದುರೆ (ಬ್ರಿಡ್ಜ್) ಕಡೆಯ ಅರ್ಧ 0.51 ಇದ್ದರೂ ಸಾಕು, 12ನೇ ಮೆಟ್ಟಿಲಿನ ಸ್ವರ ಸುಮಾರು 17 ಸೆಂಟ್ (ಸೆಂಟ್ ಎಂದರೆ ಅರ್ಧಸ್ವರದ ನೂರನೇ ಒಂದು ಪಾಲು) ಇಳಿಯುತ್ತದೆ. ಕುರಿಯ ಕರುಳನ್ನು ಹೊಸೆದು ಉಜ್ಜಿ ಮಾಡಿದ ತಂತಿಯಲ್ಲಿ ಇಷ್ಟು ಏರುಪೇರು ಅಪರೂಪವೇನಲ್ಲ.

ಜೋಡಿಯಲ್ಲಿ ಒಂದನ್ನು ತುಂಡು ಬಟ್ಟೆಯಿಂದ ಮುಚ್ಚಿ, ಇನ್ನೊಂದನ್ನು ಪರೀಕ್ಷಿಸಿ. ತಂತಿಯ ನಟ್ಟನಡುವೆ ಒತ್ತದೆ ಬೆರಳು ತಾಗಿಸಿ ಹಾರ್ಮೋನಿಕ್ (ಮೇಲಿನ ಸ್ಥಾಯಿಯ ತೆಳುಸ್ವರ) ನುಡಿಸಿ, ಅಲ್ಲೇ ಒತ್ತಿ ನುಡಿಸಿದ ಸ್ವರದೊಂದಿಗೆ ಹೋಲಿಸಿ. ಒತ್ತಿದಾಗ ಕೆಲವು ಸೆಂಟ್ ಏರುವುದು ಸಹಜ. ಒಂದು ತಂತಿ ಇಳಿದು ಮತ್ತೊಂದು ಏರುತ್ತಿದ್ದರೆ, ಒಂದನ್ನು ಬಿಚ್ಚಿ ತುದಿ ಅದಲುಬದಲು ಮಾಡಿ ಕಟ್ಟಿ. ದೋಷ ಹೋಗುವುದಿಲ್ಲ, ದಿಕ್ಕು ತಿರುಗುತ್ತದೆ. ಎರಡೂ ಒಂದೇ ಕಡೆಗೆ ವಾಲಿದರೆ ಅಲೆ ಬಹುಪಾಲು ನಿಲ್ಲುತ್ತದೆ. ಮಿಕ್ಕಿದ್ದನ್ನು ಕುತ್ತಿಗೆಗೆ ಕಟ್ಟಿದ ಮೆಟ್ಟಿಲು ಸರಿಸಿ ತಿದ್ದಬಹುದು: 60 ಸೆಂ.ಮೀ. ತಂತಿಯಲ್ಲಿ, ಮೊದಲ ಮೆಟ್ಟಿಲಿನ ಬಳಿ 1 ಮಿ.ಮೀ.ಗೆ ಸುಮಾರು 3 ಸೆಂಟ್. ಆದರೆ ಆ ಮೆಟ್ಟಿಲು ಎಲ್ಲ ತಂತಿಗಳಿಗೂ ಸೇರಿದ್ದು, ಮರೆಯಬೇಡಿ. ಎರಡೂ ತಂತಿಗಳನ್ನು ಒಂದೇ ಉದ್ದ ತುಂಡಿನಿಂದ ಕತ್ತರಿಸಿಕೊಂಡರೆ ಈ ಗೋಳು ಕಡಿಮೆ.

ಇನ್ನು ಮಳೆ. ಆಗುಂಬೆ ಸೀಮೆಯ ಜುಲೈನಲ್ಲಿ ಕರುಳಿನ ತಂತಿ ಒಂದೇ ಶ್ರುತಿಯಲ್ಲಿ ನಿಲ್ಲಲಿ ಎನ್ನುವುದು ದುರಾಸೆ. ರೆಕಾರ್ಡಿಂಗ್‌ಗೆ ಒಂದು ಗಂಟೆ ಮೊದಲೇ ವಾದ್ಯವನ್ನು ಪೆಟ್ಟಿಗೆಯಿಂದ ತೆಗೆದು ಅದೇ ಕೋಣೆಯಲ್ಲಿಡಿ. ಫ್ಯಾನ್, ಡಿಹ್ಯೂಮಿಡಿಫೈಯರ್ ಏನೇ ಇದ್ದರೂ ನಡುವೆ ಹಾಕಿ ಆರಿಸಬೇಡಿ. ಪ್ರತಿ ಟೇಕ್‌ನ ಆರಂಭದಲ್ಲಿ ಬಿಡಿತಂತಿಗಳನ್ನು ಮೀಟಿ ದಾಖಲಿಸಿ. ಎರಡು ಟೇಕ್‌ಗಳ ನಡುವೆ ಶ್ರುತಿ ಜಾರಿದ್ದರೆ, ಎಡಿಟಿಂಗ್‌ನಲ್ಲಿ ಸೇರಿಸಿದ ಜಾಗ ಎದ್ದು ಕಾಣುತ್ತದೆ.

ಪ್ರಶ್ನೆ: ಹಳೆಯ ಶೈಲಿಯ ಲ್ಯೂಟ್ ರೆಕಾರ್ಡಿಂಗ್‌ಗಳಲ್ಲಿ ಗಾಂಧಾರ ಕೀಬೋರ್ಡ್‌ಗಿಂತ ತಗ್ಗಿ ಕೇಳುತ್ತದೆ. ತಂತಿಯ ದೋಷವೆ?
—ಓದುಗರು, ಸಾಗರ

ಉತ್ತರ: ಹೆಚ್ಚಾಗಿ ಅಲ್ಲ. ಕೀಬೋರ್ಡಿನ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್, ತಂಬೂರಿಯಲ್ಲಿ ತಾನಾಗಿ ಹೊಮ್ಮುವುದು 386. ಅನೇಕ ಲ್ಯೂಟ್ ವಾದಕರು ಮೆಟ್ಟಿಲುಗಳನ್ನು ಮೀನ್‌ಟೋನ್ ಪದ್ಧತಿಯಲ್ಲಿ (ಪಂಚಮವನ್ನು ತುಸು ತಗ್ಗಿಸಿ ಗಾಂಧಾರವನ್ನು ಇಂಪಾಗಿಸುವ ಶ್ರುತಿಕ್ರಮ) ಕಟ್ಟುತ್ತಾರೆ. ಪ್ರತಿ ಪಂಚಮವನ್ನು ಕಾಮಾ ಎಂಬ ಅತಿ ಸಣ್ಣ ಸ್ವರಾಂತರದ ಆರನೇ ಒಂದು ಪಾಲು ತಗ್ಗಿಸುವ ಲೆಕ್ಕದಲ್ಲಿ ಗಾಂಧಾರ ಸುಮಾರು 393ಕ್ಕೆ ಬರುತ್ತದೆ. ತಗ್ಗಿದ್ದು ಕೀಬೋರ್ಡಿಗೆ ಹೋಲಿಸಿದಾಗ ಮಾತ್ರ.