ರೆಡಿಂಗಿನ ಡೆಪಾಸಿಟ್ಟು, ಊರಿನ ದಾವೆ

ನಿಮ್ಮ ಪತ್ರ ಎರಡು ಸಲ ಓದಿದೆ. ಇಂಗ್ಲೆಂಡಿಗೆ ಬಂದು ಎಂಟು ತಿಂಗಳಾಯಿತು. ರೆಡಿಂಗಿನ ಮೊದಲ ಬಾಡಿಗೆ ಮನೆ ಬಿಟ್ಟು ಐದು ವಾರ ಕಳೆದರೂ ಕಾರ್ಪೆಟ್ಟಿನ ಮೇಲೆ ಕಲೆ ಆಗಿದೆ ಅಂತ ಮಾಲೀಕರು 1,200 ಪೌಂಡ್ ಡೆಪಾಸಿಟ್ ವಾಪಸು ಕೊಡುತ್ತಿಲ್ಲ. ಕೋರ್ಟಿಗೆ ಹೋದರೆ ವೀಸಾಕ್ಕೆ ತೊಂದರೆ ಆಗುತ್ತದಾ ಅಂತ ಕೇಳಿದ್ದೀರಿ. ಜೊತೆಗೆ ಚಳಿ, ಮಗಳ ಶಾಲೆ, ಸಾರಿನ ಪುಡಿಯ ವಿಚಾರ. ಕೊನೆಯಲ್ಲಿ, ಬರೆಯಲೋ ಬೇಡವೋ ಅನ್ನುವ ಹಾಗೆ ಇನ್ನೊಂದು ಸಾಲು: ಊರಲ್ಲಿ ಒಂದು ಸೈಟಿಗೆ ಆರು ಲಕ್ಷ ಅಡ್ವಾನ್ಸ್ ಕೊಟ್ಟು ಕರಾರು ಬರೆಸಿಕೊಂಡು ಬಂದಿದ್ದೀರಿ, ಅವರು ರಿಜಿಸ್ಟರ್ ಮಾಡಿಕೊಡುತ್ತಿಲ್ಲ. "ಅಪ್ಪನಿಗೆ ಜಿಪಿಎ (ನನ್ನ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಕಳಿಸಿಬಿಟ್ಟರೆ ಕೇಸು ಅವರೇ ನೋಡ್ಕೋತಾರೆ ಅಲ್ವಾ ಮೇಡಂ?"

ಮೇಡಂ ಬೇಡ, ಅಕ್ಕ ಅನ್ನಿ. ಆ ಕೊನೆಯ ಸಾಲಿಗೆ ಉತ್ತರ ಬರೆಯಬೇಕು ಅಂತಲೇ ಕೂತಿದ್ದೇನೆ. ಮಿಕ್ಕದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ.

ಚಳಿಗೆ ಒಳ್ಳೆಯ ಕೋಟು ಒಂದು ತಗೊಳ್ಳಿ, ಅಗ್ಗದ್ದು ಮೂರು ಬೇಡ. ಮಗಳ ಶಾಲೆಯ ಚಿಂತೆ ಬಿಡಿ, ಮಕ್ಕಳು ನಮಗಿಂತ ಬೇಗ ಹೊಂದಿಕೊಳ್ಳುತ್ತಾರೆ, ಮನೆಯಲ್ಲಿ ಕನ್ನಡ ಮಾತ್ರ ಬಿಡಬೇಡಿ. ಸಾರಿನ ಪುಡಿ ಅಮ್ಮನ ಕೈಯದೇ ತರಿಸಿಕೊಳ್ಳಿ.

ನಾವು ಬಂದದ್ದು 2006ರ ನವೆಂಬರ್‌ನಲ್ಲಿ. ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಮೊದಲ ಮನೆ ಬಿಡುವಾಗ ಮಾಲೀಕರು ನಮ್ಮ 600 ಪೌಂಡ್ ಇಟ್ಟುಕೊಂಡರು, ನಾವು ಬಾಯಿ ಮುಚ್ಚಿಕೊಂಡು ಬಂದೆವು. ಡೆಪಾಸಿಟ್ಟಿಗೆ ರಕ್ಷಣೆ ಕೊಡುವ ಕಾನೂನು ಇಲ್ಲಿ ಜಾರಿಗೆ ಬಂದದ್ದು 2007ರ ಏಪ್ರಿಲ್ 6ರಿಂದ. ಅದಕ್ಕೂ ಮುಂಚೆ ಕೊಟ್ಟಿದ್ದ ನಮ್ಮ ಹಣಕ್ಕೆ ಅದರ ಆಸರೆ ಸಿಗಲಿಲ್ಲ. ನಿಮಗೆ ಸಿಗುತ್ತದೆ. ಹಣ ಕೈಗೆ ಬಂದ 30 ದಿನದೊಳಗೆ ಮಾಲೀಕರು ಅದನ್ನು ಸರ್ಕಾರ ಒಪ್ಪಿದ ಮೂರು ಡೆಪಾಸಿಟ್ ಸ್ಕೀಮುಗಳಲ್ಲಿ ಒಂದಕ್ಕೆ ಸೇರಿಸಿ, ಆ ವಿವರವನ್ನು ನಿಮಗೆ ಕೊಡಬೇಕಿತ್ತು. ಹಳೆಯ ಇಮೇಲುಗಳಲ್ಲಿ ಹುಡುಕಿ. ಸ್ಕೀಮಿನಲ್ಲಿ ಇದ್ದರೆ ಕೋರ್ಟಿನ ಮಾತೇ ಬೇಡ, ಅವರದೇ ಪುಕ್ಕಟೆ ತೀರ್ಮಾನದ ವ್ಯವಸ್ಥೆ ಇದೆ. ಮನೆ ಬಿಟ್ಟ ಮೂರು ತಿಂಗಳೊಳಗೆ ದೂರು ಕೊಡಿ. ಅಲ್ಲಿ ಯಾರೂ ನಿಮ್ಮ ಮುಖ ನೋಡುವುದಿಲ್ಲ, ಕಾಗದ ಮತ್ತು ಫೋಟೋ ನೋಡಿ ಹೇಳುತ್ತಾರೆ. ಮನೆ ಹೊಕ್ಕಾಗಿನ ಫೋಟೋ, ಬಿಟ್ಟಾಗಿನ ಫೋಟೋ, ಮನೆಯ ಸಾಮಾನು ಪಟ್ಟಿ ಎಲ್ಲ ಒಟ್ಟು ಮಾಡಿ. ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಆ ಹಣ ನಿಮ್ಮದು. ಕಲೆ ನಿಮ್ಮಿಂದ ಆಯಿತು ಅಂತ ತೋರಿಸಬೇಕಾದವರು ಮಾಲೀಕರು, ಆಗಲಿಲ್ಲ ಅಂತ ತೋರಿಸಬೇಕಾದವರು ನೀವಲ್ಲ. ಸ್ಕೀಮಿಗೆ ಸೇರಿಸಿಯೇ ಇಲ್ಲ ಅಂದರೆ ಡೆಪಾಸಿಟ್ಟಿನ ಒಂದರಿಂದ ಮೂರು ಪಟ್ಟು ಕೊಡಿಸುವ ಅಧಿಕಾರ ಕೋರ್ಟಿಗಿದೆ. ಇದನ್ನು ಮರ್ಯಾದೆಯಿಂದಲೇ ಒಂದು ಕಾಗದದಲ್ಲಿ ಬರೆದು ತಿಳಿಸಿ. ಎಷ್ಟೋ ಜನ ಅಷ್ಟಕ್ಕೇ ಹಣ ಹಾಕುತ್ತಾರೆ.

ನಿಮಗೆ ಬರಬೇಕಾದ ಹಣ ಕೇಳಿ ಸಿವಿಲ್ ಕೋರ್ಟಿಗೆ ಹೋದರೆ ವೀಸಾಕ್ಕೆ ಏನೂ ಆಗುವುದಿಲ್ಲ. ನಮ್ಮವರಿಗೆ ಕೋರ್ಟು ಅಂದರೆ ಪೊಲೀಸು, ಪೊಲೀಸು ಅಂದರೆ ಮಾನ ಹೋಯಿತು ಅನ್ನುವ ಭಯ. 600 ಪೌಂಡ್ ಬಿಟ್ಟಾಗ ನನಗೂ ಅದೇ ಇತ್ತು. 10,000 ಪೌಂಡ್‌ವರೆಗಿನ ಹಣದ ತಗಾದೆ ಇಲ್ಲಿ ಸ್ಮಾಲ್ ಕ್ಲೇಮ್ಸ್‌ಗೆ ಹೋಗುತ್ತದೆ. ಆನ್‌ಲೈನಿನಲ್ಲೇ ಹಾಕಬಹುದು, ವಕೀಲರು ಬೇಕಿಲ್ಲ. ಇಟ್ಟುಕೊಂಡರೆ ಗೆದ್ದರೂ ಅವರ ಫೀಸು ಎದುರಿನವರಿಂದ ಸಾಮಾನ್ಯವಾಗಿ ಸಿಗುವುದಿಲ್ಲ. ಹಾಗಂತ ಬೇಗ ಮುಗಿಯುತ್ತದೆ ಅಂದುಕೊಳ್ಳಬೇಡಿ. ವಿಚಾರಣೆಯವರೆಗೂ ಹೋದರೆ ಸುಮಾರು ಒಂದು ವರ್ಷ ಹಿಡಿಯುತ್ತದೆ. ಅದಕ್ಕೇ 2024ರ ಮೇ ತಿಂಗಳಿಂದ ಇಂಥ ಕೇಸುಗಳಲ್ಲಿ ಮೊದಲು ರಾಜಿಗೆ ಕೂರಲೇಬೇಕು ಅಂತ ಮಾಡಿದ್ದಾರೆ. ಒಂದು ಗಂಟೆ, ಫೋನಿನಲ್ಲಿ, ಪುಕ್ಕಟೆ. ಮಧ್ಯಸ್ಥರು ನಿಮಗೊಮ್ಮೆ, ಅವರಿಗೊಮ್ಮೆ ಫೋನ್ ಮಾಡುತ್ತಾರೆ. ನಮ್ಮೂರ ಅರಳಿಕಟ್ಟೆಯ ಹಿರಿಯರ ಹಾಗೆ "ತಪ್ಪು ನಿಂದೇ ಕಣಯ್ಯ" ಅಂತ ಹೇಳುವುದಿಲ್ಲ, ಯಾರು ಸರಿ ಅನ್ನುವುದೇ ಅಲ್ಲಿ ಬರುವುದಿಲ್ಲ. ಎಷ್ಟಕ್ಕೆ ಒಪ್ಪುತ್ತೀರಿ ಅನ್ನುವುದಷ್ಟೇ. ಫೋನ್ ಬರುವ ಮುಂಚೆಯೇ ಆ ಅಂಕಿ ಮನಸ್ಸಿನಲ್ಲಿ ಇಟ್ಟುಕೊಂಡಿರಿ.

ಇನ್ನೊಂದು, ಇದು ನೀವು ಕೇಳಿಲ್ಲ. ಹಳೆಯ ಮನೆಯ ವಿಳಾಸ ಎಲ್ಲೆಲ್ಲಿ ಕೊಟ್ಟಿದ್ದೀರೋ ಎಲ್ಲ ಕಡೆ ಈ ವಾರವೇ ಬದಲಾಯಿಸಿ: ಕರೆಂಟು, ನೀರು, ಕೌನ್ಸಿಲ್ ಟ್ಯಾಕ್ಸ್, ಬ್ಯಾಂಕು, ಫೋನು. ಯಾರಾದರೂ ಬಾಕಿ ಅಂತ ನಿಮ್ಮ ಮೇಲೆ ಕೇಸು ಹಾಕಿದರೆ ಕಾಗದ ಅವರಿಗೆ ಗೊತ್ತಿರುವ ಕೊನೆಯ ವಿಳಾಸಕ್ಕೆ ಹೋಗುತ್ತದೆ. ಉತ್ತರ ಕೊಡಲು ಇರುವುದು 14 ದಿನ. ಕಾಗದ ಮುಟ್ಟಿತು ಅಂತಾದರೂ ತಿಳಿಸಿದರೆ 28. ಸುಮ್ಮನಿದ್ದರೆ ಏಕಪಕ್ಷೀಯವಾಗಿ ತೀರ್ಪಾಗುತ್ತದೆ. ಒಂದು ತಿಂಗಳೊಳಗೆ ಪೂರ್ತಿ ಕಟ್ಟದಿದ್ದರೆ ನಿಮ್ಮ ಹೆಸರಿನ ಮುಂದೆ ಆರು ವರ್ಷ ಇರುತ್ತದೆ, ಮನೆ ಸಾಲ ಕೇಳಲು ಹೋದಾಗ ಗೊತ್ತಾಗುತ್ತದೆ. ನಲವತ್ತು ಪೌಂಡಿನ ಬಾಕಿಗೆ ಮನೆ ಸಾಲ ತಪ್ಪಿಹೋದ ಒಂದು ಸಂಸಾರವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಸೈಟಿನ ವಿಷಯ.

2005ರಲ್ಲಿ ನಾನೂ ನಿಮ್ಮ ಹಾಗೇ ಮಾಡಿದ್ದೆ. ನಮ್ಮ ಜಿಲ್ಲಾ ಕೇಂದ್ರದಲ್ಲಿ ಮೂವತ್ತು ನಲವತ್ತರ ಸೈಟು, ನಾಲ್ಕೂವರೆ ಲಕ್ಷಕ್ಕೆ ಮಾತು, ಎರಡು ಲಕ್ಷ ಅಡ್ವಾನ್ಸ್, ಛಾಪಾ ಕಾಗದದ ಮೇಲೆ ಕರಾರು. ಖಾತೆ ಆದ ಮೇಲೆ ರಿಜಿಸ್ಟ್ರೇಶನ್ ಅಂದರು. ಅಷ್ಟರಲ್ಲಿ ನಾವು ಇಲ್ಲಿಗೆ ಬಂದೆವು, ಸೈಟಿನ ಬೆಲೆ ಏರಿತು, ಮಾರಿದವರ ಮಾತು ಬದಲಾಯಿತು. ಬಾಕಿ ಎರಡೂವರೆ ಲಕ್ಷ ನನ್ನ ಖಾತೆಯಲ್ಲಿ ಸಿದ್ಧವಾಗಿತ್ತು. ಇಲ್ಲಿಂದ ಮೂರು ಸಲ ಫೋನ್ ಮಾಡಿ "ದಿನ ಹೇಳಿ, ಹಣ ಕಳಿಸುತ್ತೇನೆ" ಅಂತ ಅವರಿಗೆ ಹೇಳಿದವಳು ನಾನು. 2008ರಲ್ಲಿ ಅಪ್ಪನಿಗೆ ಜಿಪಿಎ ಕಳಿಸಿದೆ. ದಾವೆ ನನ್ನ ಹೆಸರಿನಲ್ಲಿ, ಓಡಾಟ ಅಪ್ಪನದು. ನನ್ನ ಕೆಲಸ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಅಪ್ಪ ಹೈಸ್ಕೂಲು ಮೇಷ್ಟ್ರಾಗಿ ರಿಟೈರಾದವರು. ಪ್ರತಿ ವಾಯಿದೆಗೂ ಬರಬೇಕಾಗಿಲ್ಲ ಅಂತ ವಕೀಲರು ಹೇಳಿದರೂ ಕೇಳಲಿಲ್ಲ. ಹತ್ತೂವರೆಗೆ ಕೋರ್ಟಿನ ಜಗಲಿಯ ಬೆಂಚಿನಲ್ಲಿ ಕೂತರೆ, ಜವಾನ ಹೆಸರು ಮೂರು ಸಲ ಕೂಗುವವರೆಗೂ ಏಳುತ್ತಿರಲಿಲ್ಲ. ಕೂಗಿದರೆ ಒಂದು ನಿಮಿಷ. ಮುಂದಿನ ತಾರೀಖು. ಒಂದು ಸಲ ಎದುರಿನ ವಕೀಲರಿಗೆ ಬೇರೆ ಕೋರ್ಟಿನಲ್ಲಿ ಕೆಲಸ, ಒಂದು ಸಲ ಜಡ್ಜ್ ವರ್ಗ, ಒಂದು ಸಲ ಕಲಾಪ ಬಹಿಷ್ಕಾರ. ಒಬ್ಬೊಬ್ಬ ಕಕ್ಷಿದಾರರಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಬರೆದಿದೆ. ದೇಶದ ಜಿಲ್ಲಾ, ತಾಲ್ಲೂಕು ಕೋರ್ಟುಗಳಲ್ಲಿ 4 ಕೋಟಿಗೂ ಹೆಚ್ಚು ಪ್ರಕರಣ ಬಾಕಿ ಇರುವಾಗ ಆ ಸಾಲಿಗೆ ಬಲ ಎಲ್ಲಿಂದ ಬರಬೇಕು?

2012ರಲ್ಲಿ ಅಪ್ಪ ಸಾಕ್ಷಿ ಹೇಳಿದರು. ಪಾಟಿ ಸವಾಲಿನ ಪ್ರತಿಯನ್ನು ಆಮೇಲೆ ತರಿಸಿಕೊಂಡು ಓದಿದ್ದೇನೆ. ಬಾಕಿ ಹಣ ನಿಮ್ಮ ಮಗಳ ಹತ್ತಿರ ಇತ್ತು ಅಂತ ನಿಮಗೆ ಹೇಗೆ ಗೊತ್ತು? ಅವಳು ಹೇಳಿದ್ದಳು. ನೀವು ನೋಡಿದ್ದೀರಾ? ಇಲ್ಲ. ಫೋನಿನಲ್ಲಿ ಏನು ಮಾತಾಯಿತು ಅಂತ ನೀವು ಕೇಳಿಸಿಕೊಂಡಿದ್ದೀರಾ? ಇಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಪಾಠ ಮಾಡಿದ ಮನುಷ್ಯ, ಕೇಳಿಸಿಕೊಂಡೆ ಅಂತ ಹೇಗೆ ಹೇಳಿಯಾರು?

ಜಿಪಿಎ ಇರುವವರು ನಿಮ್ಮ ಪರವಾಗಿ ಸಹಿ ಹಾಕಬಹುದು, ವಕೀಲರನ್ನು ಇಡಬಹುದು, ತಾವೇ ಮಾಡಿದ್ದರ ಬಗ್ಗೆ ಸಾಕ್ಷಿ ಹೇಳಬಹುದು. ನಿಮಗೊಬ್ಬರಿಗೇ ಗೊತ್ತಿರುವುದನ್ನು ನಿಮ್ಮ ಬದಲಿಗೆ ಹೇಳಲು ಬರುವುದಿಲ್ಲ. ಸುಪ್ರೀಂ ಕೋರ್ಟು ಇದನ್ನು ಜಾನ್ಕಿ ವಾಶ್ದೇವ್ ಭೋಜ್ವಾನಿ ಪ್ರಕರಣದಲ್ಲಿ ಹೇಳಿತ್ತು, 2010ರಲ್ಲಿ ಮಾನ್ ಕೌರ್ ಪ್ರಕರಣದಲ್ಲಿ ನಮ್ಮಂಥ ಕ್ರಯದ ಕರಾರಿಗೇ ಬಿಡಿಸಿ ಹೇಳಿತು: ಹಣ ಕೊಟ್ಟು ಬರೆಸಿಕೊಳ್ಳಲು ತಾನು ಸಿದ್ಧ ಇದ್ದೆ, ಮನಸ್ಸೂ ಇತ್ತು ಅನ್ನುವುದನ್ನು ಕೊಳ್ಳುವವರೇ ಬಂದು ಹೇಳಬೇಕು, ಅಥವಾ ಇಡೀ ವ್ಯವಹಾರವನ್ನು ತಾವೇ ನಡೆಸಿದ ಜಿಪಿಎದಾರರು ಹೇಳಬೇಕು. ಇಂಥ ಕರಾರು ನೆರವೇರಿಸಿಕೊಡಿ ಅಂತ ಕೇಳುವುದು ನಿರ್ದಿಷ್ಟ ಪರಿಹಾರ ಕಾಯ್ದೆಯ (ಸ್ಪೆಸಿಫಿಕ್ ರಿಲೀಫ್ ಆ್ಯಕ್ಟ್) ಅಡಿಯಲ್ಲಿ, 2018ರಲ್ಲಿ ಅದಕ್ಕೆ ತಿದ್ದುಪಡಿ ಬಂತು. ಆದರೂ ಸಿದ್ಧ ಇದ್ದೆ ಅಂತ ರುಜುವಾತು ಮಾಡುವ ಹೊರೆ ಇವತ್ತಿಗೂ ಕೊಳ್ಳುವವರ ಮೇಲೇ ಇದೆ.

ನಮ್ಮ ವಕೀಲರು ಹೇಳಿದ್ದರು. "ಮಗಳನ್ನು ಒಂದು ಸಲ ಕರೆಸಿ ಮೇಷ್ಟ್ರೇ" ಅಂತ. 2013ರ ಮೇನಲ್ಲಿ ಒಂದು ಮದುವೆಗೆ ಹೋದೆ, ಸಿವಿಲ್ ಕೋರ್ಟಿಗೆ ಬೇಸಿಗೆ ರಜೆ. ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು ಅಂತಲೂ ನನಗೆ ಹೊಳೆಯಲಿಲ್ಲ. ಆಗಸ್ಟ್‌ನಲ್ಲಿ ಸಾಕ್ಷಿಗೆಂದೇ ಎರಡು ವಾರ ರಜೆ ಹಾಕಿ ಹೋದೆ. ಅಪ್ಪನ ಪಕ್ಕ ಅದೇ ಬೆಂಚಿನಲ್ಲಿ ಕೂತೆ. ಅವತ್ತು ಜಡ್ಜ್ ರಜೆ. ಮುಂದಿನ ತಾರೀಖು ಆರು ವಾರದ ಮೇಲೆ. ನಾನು ಹಿಂತಿರುಗಿ ಬಂದೆ. ಆಮೇಲೆ ಕೆಲಸ ಬದಲಾಯಿತು, ಮಗನ ಪರೀಕ್ಷೆ ಬಂತು, ಟಿಕೆಟ್ಟು ದುಬಾರಿ ಅನ್ನಿಸಿತು. ಮತ್ತೆ ಹೋಗಲಿಲ್ಲ. ಹೋಗಬಹುದಿತ್ತು.

2015ರಲ್ಲಿ ತೀರ್ಪು ಬಂತು. ಕರಾರು ನಿಜ, ಅಡ್ವಾನ್ಸ್ ಕೊಟ್ಟದ್ದು ನಿಜ, ಆದರೆ ವಾದಿ ಕಟಕಟೆ ಹತ್ತಿಲ್ಲ, ಸಿದ್ಧ ಇದ್ದರು ಅನ್ನುವುದು ರುಜುವಾತಾಗಿಲ್ಲ. ಎರಡು ಲಕ್ಷ, ಬಡ್ಡಿ ಸೇರಿಸಿ ವಾಪಸು. ಸೈಟು ಇಲ್ಲ. ಅಪ್ಪ ಅವತ್ತು ರಾತ್ರಿ ಫೋನ್ ಮಾಡಿ ಅಂದದ್ದು ಇಷ್ಟೇ: "ನಾನು ಹೇಳಿದ್ದು ಸಾಕಾಗಲಿಲ್ಲವಂತೆ ಮಗಾ." ಸೈಟು ಹೋದದ್ದಕ್ಕೆ ನಾನು ಒಂದು ದಿನವೂ ಅತ್ತಿಲ್ಲ. ಆ ಮಾತಿಗೆ ಇವತ್ತಿಗೂ ಅಳು ಬರುತ್ತದೆ.

ನಿಮಗೆ ನಮಗಿಂತ ಹೆಚ್ಚು ದಾರಿಗಳಿವೆ. ಮೊದಲು ಕರಾರಿನಲ್ಲಿ ರಿಜಿಸ್ಟ್ರೇಶನ್‌ಗೆ ತಾರೀಖು ಹಾಕಿದೆಯಾ ನೋಡಿ. ಹಾಕಿದ್ದರೆ ಅಲ್ಲಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು, ಇಲ್ಲದಿದ್ದರೆ ಅವರು ಕೊಡುವುದಿಲ್ಲ ಅಂದದ್ದು ನಿಮಗೆ ತಿಳಿದ ದಿನದಿಂದ. ವಕೀಲರ ಮೂಲಕ ನೋಟಿಸು ಈಗಲೇ ಕಳಿಸಿ. ಬಾಕಿ ಹಣ ಖಾತೆಯಲ್ಲಿ ಇರುವುದಕ್ಕೆ ಬ್ಯಾಂಕಿನ ದಾಖಲೆ ತಿಂಗಳು ತಿಂಗಳು ತೆಗೆದಿಡಿ. ಫೋನಿನಲ್ಲಿ ಹೇಳಿದ್ದನ್ನು ವಾಟ್ಸಾಪಿನಲ್ಲೂ ಬರೆಯಿರಿ. ಜಿಪಿಎ ಇಲ್ಲಿನ ನೋಟರಿ ಮುಂದೆ ಮಾಡಿಸಿ ಅಪೋಸ್ಟಿಲ್ (ಬೇರೆ ದೇಶದಲ್ಲೂ ಒಪ್ಪುವ ಸರ್ಕಾರಿ ದೃಢೀಕರಣ) ಹಾಕಿಸಬಹುದು, ಇಲ್ಲವೇ ನಮ್ಮ ಹೈಕಮಿಷನ್ನಿನ ಮೂಲಕ ಮಾಡಿಸಬಹುದು. ಕರ್ನಾಟಕಕ್ಕೆ ಮುಟ್ಟಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು, ವಕೀಲರು ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿಕೊಡುತ್ತಾರೆ. ದಾವೆಗೆ ಸಿಎನ್‌ಆರ್ ಅನ್ನುವ ಗುರುತಿನ ಸಂಖ್ಯೆ ಸಿಗುತ್ತದೆ, ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಮುಂದಿನ ತಾರೀಖು ನಿಮ್ಮ ಫೋನಿನಲ್ಲೇ ಕಾಣುತ್ತದೆ. ತಾರೀಖು ತಿಳಿಯಲೆಂದು ಅಪ್ಪನನ್ನು ಓಡಿಸಬೇಡಿ.

ಸಾಕ್ಷಿ ಮಾತ್ರ ನೀವೇ ಹೇಳಿ. 2020ರಲ್ಲಿ ಕರ್ನಾಟಕ ಹೈಕೋರ್ಟು ವಿಡಿಯೊ ಕಾನ್ಫರೆನ್ಸ್ ನಿಯಮ ತಂದಿದೆ. ವಿದೇಶದಲ್ಲಿರುವವರು ಭಾರತೀಯ ದೂತಾವಾಸದ ಅಧಿಕಾರಿಯ ಸಮ್ಮುಖದಲ್ಲಿ ಸಾಕ್ಷಿ ಹೇಳಬಹುದು. ಅದು ತಾನಾಗಿ ಆಗುವುದಿಲ್ಲ, ವಕೀಲರು ಅರ್ಜಿ ಹಾಕಬೇಕು, ಕೋರ್ಟು ಒಪ್ಪಬೇಕು. ಅಲ್ಲಿನ ಬೆಳಗ್ಗೆ ಹನ್ನೊಂದು ಇಲ್ಲಿ ಐದೂವರೆ, ಬೇಸಿಗೆಯಲ್ಲಿ ಆರೂವರೆ. ಅದಕ್ಕೇ ಮಧ್ಯಾಹ್ನದ ಹೊತ್ತು ಕೇಳಿಕೊಳ್ಳಲು ಹೇಳಿ. ಆದರೂ ನನ್ನನ್ನು ಕೇಳಿದರೆ, ಹೋಗಿ. ತಾರೀಖು ತಪ್ಪಿದರೆ ಎರಡನೇ ಸಲವೂ ಹೋಗಿ. ಮಧ್ಯೆ ರಾಜಿಗೆ ಕರೆದರೆ, ಲೋಕ ಅದಾಲತ್ತಿಗೆ ಕರೆದರೆ, ಬೇಡ ಅನ್ನಬೇಡಿ. ಅಲ್ಲಿ ಆದ ರಾಜಿಗೆ ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟು ಶುಲ್ಕವೂ ವಾಪಸು ಬರುತ್ತದೆ. ನಮಗೂ ಒಂದು ಸಲ ಕರೆ ಬಂದಿತ್ತು. ಗೆದ್ದೇ ಗೆಲ್ಲುತ್ತೇವೆ ಅಂತ ನಾನೇ ಬೇಡ ಅಂದೆ, ಅಪ್ಪ ನನ್ನ ಮಾತು ಮೀರಲಿಲ್ಲ.

ಅಪ್ಪ 2019ರಲ್ಲಿ ಹೋದರು. ಕರ್ಮಾಂತರ ಮುಗಿದ ಮೇಲೆ ಅಮ್ಮ ಬಟ್ಟೆ ಅಂಗಡಿಯ ಹಳೇ ಕೈಚೀಲವೊಂದನ್ನು ನನ್ನ ಮುಂದೆ ಇಟ್ಟರು. ಒಳಗೆ ಕೇಸಿನ ಕಾಗದ, ಕನ್ನಡಕದ ಡಬ್ಬಿ, ಒಂದು ಡೈರಿ. 61 ತಾರೀಖುಗಳು, ಮೇಷ್ಟ್ರ ದುಂಡು ಅಕ್ಷರದಲ್ಲಿ. 2013ರ ಆಗಸ್ಟಿನ ತಾರೀಖಿನ ಮುಂದೆ ಪೆನ್ಸಿಲಿನಲ್ಲಿ "ಮಗಳ ಸಾಕ್ಷಿ" ಅಂತ ಬರೆದು, ಅಳಿಸಿ, ಮುಂದಿನ ತಾರೀಖಿಗೆ ಬರೆದಿದ್ದಾರೆ. ಅಲ್ಲೂ ಅಳಿಸಿ ಅದರ ಮುಂದಿನದಕ್ಕೆ. ಹಾಗೆ ಒಂಬತ್ತು ಸಲ.

ನಿಮ್ಮ ತಂದೆಯವರಿಗೆ ಎಷ್ಟು ವಯಸ್ಸು ಅಂತ ನೀವು ಬರೆದಿಲ್ಲ. ಮೆಟ್ಟಿಲು ಹತ್ತಲು ಆಗುತ್ತದಾ, ಕೋರ್ಟಿರುವ ಊರು ಮನೆಯಿಂದ ಎಷ್ಟು ದೂರ, ಸೈಟಿನ ಮಾತುಕತೆಯಲ್ಲಿ ಅವರು ಜೊತೆಗಿದ್ದರಾ? ಇಷ್ಟನ್ನು ತಿಳಿಸಿ. ಜಿಪಿಎಗೆ ಸಹಿ ಹಾಕುವ ಮುಂಚೆ ಒಂದು ಫೋನ್ ಮಾಡಿ. ಶನಿವಾರ ಬೆಳಗ್ಗೆ ಮನೆಯಲ್ಲೇ ಇರುತ್ತೇನೆ.