ಗುಳಿಗೆಯೂ ಬೆಳಗಿನ ಚಹಾವೂ

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನನಗೆ 38 ವರ್ಷ. ಎರಡು ವರ್ಷಗಳಿಂದ ಥೈರಾಯ್ಡ್ ಗುಳಿಗೆ ನುಂಗುತ್ತಿದ್ದೇನೆ. ಬೆಳಿಗ್ಗೆ ಎದ್ದೊಡನೆ ಚಹಾದ ಜೊತೆ ಅದನ್ನೂ ಕ್ಯಾಲ್ಸಿಯಂ ಗುಳಿಗೆಯನ್ನೂ ತೆಗೆದುಕೊಳ್ಳುತ್ತೇನೆ. ಮೊದಲು 4 ಇದ್ದ ಟಿಎಸ್‌ಎಚ್ ಈಗ 11 ಆಗಿದೆ. ಹಾರ್ಮೋನು ಹೆಚ್ಚಾಗಿರುವುದರಿಂದ ಗುಳಿಗೆ ನಿಲ್ಲಿಸು ಎನ್ನುತ್ತಾರೆ ನಮ್ಮ ಅತ್ತೆ. ಸಜ್ಜೆ ರೊಟ್ಟಿಯನ್ನೂ ಬಿಡಬೇಕೇ?
— ಓದುಗಿ, ಚಿತ್ತಾಪುರ

ಉತ್ತರ: ತಂಗಿ, ಗುಳಿಗೆಯನ್ನು ಖಂಡಿತ ನಿಲ್ಲಿಸಬೇಡ. ಟಿಎಸ್‌ಎಚ್ ನಿನ್ನ ಕೊರಳಿನ ಥೈರಾಯ್ಡ್ ಗ್ರಂಥಿಯ ಹಾರ್ಮೋನಲ್ಲ. ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡನ್ನು ಕೂಗುವ ಕೂಗು ಅದು. ಹೊಲದ ಬದುವಿನಲ್ಲಿ ನಿಂತು ಕರೆದಾಗ ಆ ತುದಿಯಲ್ಲಿದ್ದವರು ಓಗೊಡದಿದ್ದರೆ ದನಿ ಏರಿಸುತ್ತೇವಲ್ಲ, ಹಾಗೆ. 11 ಎಂದರೆ ಕೂಗು ಜೋರಾಗಿದೆ, ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಸಾಲುತ್ತಿಲ್ಲ ಎಂದರ್ಥ. ನಿನ್ನ ಚೀಟಿಯಲ್ಲಿ 'ಹೈಪೋಥೈರಾಯ್ಡಿಸಂ' ಎಂದು ಬರೆದಿರಬೇಕು, ನೋಡಿಕೋ. 'ಹೈಪೋ' ಎಂದರೆ ಕಡಿಮೆ, 'ಹೈಪರ್' ಎಂದರೆ ಹೆಚ್ಚು. ಇದೊಂದು ಅಕ್ಷರದ ಗೊಂದಲದಲ್ಲಿ ಗುಳಿಗೆ ಬಿಟ್ಟು, ಮುಖ ಬಾತು, ದನಿ ಒಡೆದು ಬಂದವರನ್ನು ನಾನು ಕಂಡಿದ್ದೇನೆ. ಗುಳಿಗೆಯಲ್ಲಿರುವುದು ಆ ಥೈರಾಯ್ಡ್ ಹಾರ್ಮೋನೇ; ಅದು ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು. ಆದ್ದರಿಂದ ಬಿಟ್ಟ ಮೊದಲ ವಾರ ಏನೂ ಆಗಿಲ್ಲವೆಂದೇ ತೋರುತ್ತದೆ. ಮೋಸ ಹೋಗುವುದು ಅಲ್ಲೇ.

ನನಗೆ ಅನುಮಾನವಿರುವುದು ನಿನ್ನ ಚಹಾದ ಲೋಟದ ಮೇಲೆ. ಗುಳಿಗೆ ಜಠರದಲ್ಲಿ ಕರಗಿ, ಸಣ್ಣ ಕರುಳಿನ ಗೋಡೆ ದಾಟಿ ರಕ್ತ ಸೇರಬೇಕು. ಕ್ಯಾಲ್ಸಿಯಂ ಅದನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಕಬ್ಬಿಣದ ಗುಳಿಗೆಯೂ ಅಷ್ಟೇ. ಚಹಾ, ಕಾಫಿಗಳೂ ಅಡ್ಡಿ ಮಾಡುತ್ತವೆ. ಎದ್ದೊಡನೆ ಬರಿ ನೀರಿನಲ್ಲಿ ಗುಳಿಗೆ ನುಂಗು. ಅಂಗಳ ಗುಡಿಸಿ, ನೀರು ತುಂಬಿ, ಸ್ನಾನ ಮುಗಿಸುವಷ್ಟರಲ್ಲಿ ಅರ್ಧ ಮುಕ್ಕಾಲು ಗಂಟೆ ಕಳೆದಿರುತ್ತದೆ. ಚಹಾ ಆಮೇಲಿರಲಿ. ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಹೋಗಲಿ, ನಡುವೆ ಕನಿಷ್ಠ 4 ಗಂಟೆ ಅಂತರ ಬೇಕು.

ಗುಳಿಗೆಯ ಡಬ್ಬಿ ಎಲ್ಲಿಡುತ್ತೀಯೆಂದು ನೀನು ಬರೆದಿಲ್ಲ. ನಮ್ಮ ಕಡೆ ಬಹಳ ಮನೆಗಳಲ್ಲಿ ಅದು ಒಲೆಯ ಪಕ್ಕದ ಗೂಡಿನಲ್ಲಿ, ಅರಿಸಿನದ ಡಬ್ಬಿಯ ಮಗ್ಗುಲಲ್ಲೇ ಇರುತ್ತದೆ. ಕಲಬುರಗಿಯ ಬೇಸಿಗೆ ಸಾಲದೆಂದು ಒಲೆಯ ಕಾವೂ ಸೇರಿದರೆ ಗುಳಿಗೆಯ ಸತ್ವ ಕುಂದುತ್ತದೆ. ಬಿಸಿಲು, ತೇವ ತಾಗದ ತಂಪು ಜಾಗಕ್ಕೆ ಅದನ್ನು ಇಂದೇ ಬದಲಿಸು.

ಸಜ್ಜೆ ಥೈರಾಯ್ಡಿಗೆ ಆಗದು ಎಂಬ ಮಾತು ಪೂರ್ತಿ ಸುಳ್ಳಲ್ಲ. ಅಯೋಡಿನ್ ಕೊರತೆಯಿರುವ ಕಡೆ ದಿನವೂ ಸಜ್ಜೆಯನ್ನೇ ಉಣ್ಣುವವರಲ್ಲಿ ಅದು ಗಳಗಂಡಕ್ಕೆ ಇಂಬು ಕೊಡುತ್ತದೆ. ಅಯೋಡಿನ್ ಉಪ್ಪು ಬಳಸುವ ನೀನು ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕುಳಿತು ಭಜ್ಜಿಯೊಂದಿಗೆ ಸಜ್ಜೆ ರೊಟ್ಟಿ ತಿಂದರೆ ಏನೂ ಆಗುವುದಿಲ್ಲ.

ನಿನ್ನನ್ನು ನೋಡುತ್ತಿರುವ ವೈದ್ಯರಿಗೆ ಈ ಚಹಾದ ವಿಷಯವನ್ನು ಮೊದಲು ತಿಳಿಸು. ತಿಳಿಯದೆ ಅವರು ಪ್ರಮಾಣ ಏರಿಸಿ, ನೀನು ಚಹಾ ಮುಂದೂಡಿದರೆ ಔಷಧ ಅತಿಯಾಗಿ ಎದೆ ಡವಗುಟ್ಟಬಹುದು. 6ರಿಂದ 8 ವಾರ ಹೀಗೆ ನಡೆದು ಮತ್ತೆ ಟಿಎಸ್‌ಎಚ್ ಪರೀಕ್ಷೆಗೆ ರಕ್ತ ಕೊಡು. ನಡುವೆ ಮುಟ್ಟು ತಪ್ಪಿದರೆ, ಗರ್ಭ ನಿಂತಿರಬಹುದು ಎನಿಸಿದರೆ ಅಷ್ಟು ದಿನ ಕಾಯಬೇಡ, ಕೂಡಲೇ ಹೋಗು.